ಜಕ್ಕೂರಿನಲ್ಲಿ ಹತ್ತು ಗಂಟೆಯೊಳಗಿನ ಹಾರಾಟ

ಬೆಂಗಳೂರಿನಲ್ಲಿ ಸಣ್ಣ ವಿಮಾನದವರ ದಿನ ಬೆಳಗ್ಗೆ ಹತ್ತಕ್ಕೆಲ್ಲ ಹೆಚ್ಚುಕಡಿಮೆ ಮುಗಿದಿರುತ್ತದೆ. ಭಾನುವಾರ ನಾಲ್ಕಾರು ವಿಮಾನದವರು ಸೇರಿ ಹಾರೋಣ ಅಂದುಕೊಂಡರೆ ಸೂರ್ಯ ಹುಟ್ಟುವ ಹೊತ್ತಿಗೆ ಜಕ್ಕೂರು ಏರೋಡ್ರೋಮಿನಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್ ಬಾಗಿಲು ತೆರೆದಿರಬೇಕು.

ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆ ಎತ್ತರಕ್ಕೆ ಪುಸ್ತಕದ ಲೆಕ್ಕದ ಉಷ್ಣತೆ 9 ಡಿಗ್ರಿ. ಅದನ್ನು ಮೀರಿದ ಒಂದೊಂದು ಡಿಗ್ರಿಗೂ ಆ 3000ಕ್ಕೆ 120 ಅಡಿ ಕೂಡಿಸಿಕೊಳ್ಳಿ. ಏಪ್ರಿಲ್ ಬೆಳಗ್ಗೆ 22 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ 4500 ಅಡಿಯ ಗಾಳಿಯಷ್ಟು ತೆಳು. ಮಧ್ಯಾಹ್ನ 34 ಮುಟ್ಟಿದರೆ 6000 ಅಡಿಯಷ್ಟು. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಅಲ್ಲಿ ತನ್ನ ಶಕ್ತಿಯ ಐದನೇ ಒಂದು ಭಾಗದ ಹತ್ತಿರ ಕಳೆದುಕೊಂಡಿರುತ್ತದೆ. ಸ್ಪೀಡ್ ಮೀಟರ್ 65 ನಾಟ್ ತೋರಿಸುವಾಗ ನೆಲದ ಮೇಲೆ ವಿಮಾನ 70 ದಾಟಿ ಓಡುತ್ತಿರುತ್ತದೆ, ಇಳಿದ ಮೇಲೆ ನಿಲ್ಲುವುದಕ್ಕೂ ಅಷ್ಟೇ ಹೆಚ್ಚು ರನ್‌ವೇ ತಿನ್ನುತ್ತದೆ. ಕರಾವಳಿಯಲ್ಲಿ ಕಲಿತು ಬಂದ ಪೈಲಟ್‌ಗಳು ಮೊದಲು ತಡವರಿಸುವುದು ಇಲ್ಲೇ: ಎದ್ದ ಕೂಡಲೇ ಮೂಗು ಮೇಲೆತ್ತುತ್ತಾರೆ, ವಿಮಾನ ಏರುವುದಿಲ್ಲ, ವೇಗ ಮಾತ್ರ ಇಳಿಯುತ್ತದೆ. ನೆಲದ ಹತ್ತಿರವೇ ಹಾರಿಸಿ, ವೇಗ ಕೂಡಿದ ಮೇಲೆ ಏರಿಸಬೇಕು. ಮಿಕ್ಸ್ಚರ್, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ, ಕೈಯಿಂದ ಹೊಂದಿಸುವ ಸೆಸ್ನಾ 172ರಂಥ ವಿಮಾನದಲ್ಲಿ ಅದರ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿಟ್ಟೇ ಹೊರಡುವವರೂ ಇದ್ದಾರೆ. ಇಷ್ಟು ತೆಳು ಗಾಳಿಗೆ ಅದು ಹೆಚ್ಚಾದ ಪೆಟ್ರೋಲ್, ಇದ್ದ ಶಕ್ತಿಯೂ ಹೋಗುತ್ತದೆ. ಓಡುವ ಮೊದಲು ಥ್ರಾಟಲ್ ತೆರೆದು, ಆರ್‌ಪಿಎಂ ಅತಿ ಹೆಚ್ಚು ಬರುವವರೆಗೆ ಮಿಕ್ಸ್ಚರ್ ಎಳೆದು, ಒಂದಿಷ್ಟು ವಾಪಸ್ ಬಿಡುವುದು ವಾಡಿಕೆ.

ಹಾರುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ನೆಲದ ಕೆಲಸ. ರೋಟ್ಯಾಕ್ಸ್ 912 ಎಂಜಿನ್ ಕೂರಿಸಿದ ಮೈಕ್ರೊಲೈಟ್, ಅಂದರೆ ಹಗುರ ಪುಟ್ಟ ವಿಮಾನ, ಆದರೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಸಾಲದು. ಎಣ್ಣೆ ಬೇರೆ ತೊಟ್ಟಿಯಲ್ಲಿರುತ್ತದೆ, ರಾತ್ರಿ ನಿಂತಾಗ ಒಂದಿಷ್ಟು ಎಂಜಿನ್ನಿನ ತಳಕ್ಕೆ ಇಳಿದಿರುತ್ತದೆ. ಎರಡೂ ಇಗ್ನಿಷನ್ ಸ್ವಿಚ್ ಆಫ್ ಇದೆಯೇ ಎಂದು ಮತ್ತೊಮ್ಮೆ ನೋಡಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಪ್ರೊಪೆಲ್ಲರನ್ನು ಕೈಯಿಂದ ನಿಧಾನ ಸುತ್ತಿಸಬೇಕು. ತೊಟ್ಟಿಯೊಳಗೆ ಗುಳುಗುಳು ಸದ್ದು ಕೇಳಿದ ಮೇಲೆ ಅಳತೆ ನೋಡಿ. ಹಿಂದಕ್ಕೆ ತಿರುಗಿಸಬೇಡಿ, ವಾಲ್ವ್ ಭಾಗಕ್ಕೆ ಗಾಳಿ ಸೇರುತ್ತದೆ. ಸ್ಟಾರ್ಟ್ ಆದ ಮೇಲೆ 2000 ಆರ್‌ಪಿಎಂನಲ್ಲಿ ಎರಡು ನಿಮಿಷ, ಆಮೇಲೆ 2500ರಲ್ಲಿ ಎಣ್ಣೆ 50 ಡಿಗ್ರಿ ಆಗುವವರೆಗೆ ಕಾಯಿರಿ. ಇಗ್ನಿಷನ್ ಪರೀಕ್ಷೆ 4000ದಲ್ಲಿ. ಒಂದೊಂದನ್ನೇ ಆಫ್ ಮಾಡಿದಾಗ 300ಕ್ಕಿಂತ ಹೆಚ್ಚು ಇಳಿಯಬಾರದು. ಡಿಸೆಂಬರ್ ಚಳಿಯಲ್ಲಿ ಎಣ್ಣೆ ಕಾಯಲು ಹಿಡಿಯುವ ಹೊತ್ತಿಗೆ ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಾರೆ, ಗೊಣಗಲಿ.

ಈಗಿನ ದೊಡ್ಡ ತಲೆನೋವು ಪೆಟ್ರೋಲ್. ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ್ದು, ರೋಟ್ಯಾಕ್ಸ್ ಒಪ್ಪುವುದು 10 ಭಾಗದವರೆಗೆ. ಡಬ್ಬದ ಮೇಲಿನ ಚೀಟಿ ನಂಬದೆ ನೋಡುವ ಉಪಾಯ ಸುಲಭ. ಗೆರೆ ಇರುವ ಗಾಜಿನ ಕೊಳವೆಗೆ 10 ಮಿಲಿ ನೀರು ಹಾಕಿ, 90 ಮಿಲಿ ಪೆಟ್ರೋಲ್ ಸುರಿದು, ಮುಚ್ಚಿ ಕುಲುಕಿ ನಿಲ್ಲಿಸಿ. ತಳದ ನೀರು 10ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. ಗೆರೆ ಮೇಲೇರಿದರೆ ನೀರು ಎಥನಾಲನ್ನು ಎಳೆದುಕೊಂಡಿದೆ ಎಂದರ್ಥ. ನೀರಿದೆಯೇ ಎಂದು ಟ್ಯಾಂಕಿನ ತಳದಿಂದ ಬಸಿದು ನೋಡುವುದೂ ಇದರಿಂದಲೇ ಕಷ್ಟವಾಗಿದೆ. ನೀಲಿ ಬಣ್ಣದ ವಿಮಾನ ಪೆಟ್ರೋಲ್ ಏವಿಗ್ಯಾಸ್‌ನಲ್ಲಿ ನೀರಿದ್ದರೆ ಬಣ್ಣವಿಲ್ಲದ ಗುಂಡುಹನಿಯಾಗಿ ಲೋಟದ ತಳದಲ್ಲಿ ಕಣ್ಣಿಗೆ ಬೀಳುತ್ತದೆ, ಲೋಟ ಓರೆ ಮಾಡಿದರೆ ಉರುಳುತ್ತದೆ. ಎಥನಾಲ್ ಇರುವ ಪೆಟ್ರೋಲ್ ಆ ನೀರನ್ನು ಕುಡಿದು ಸುಮ್ಮನಿರುತ್ತದೆ, ತಣ್ಣಗಾದಾಗ ಒಮ್ಮೆಲೇ ಕೆಳಗೆ ಬಿಡುತ್ತದೆ. ಏವಿಗ್ಯಾಸನ್ನೇ ಹಾಕುವುದಾದರೆ ಅದರಲ್ಲಿ ಸೀಸವಿದೆ, ಎಂಜಿನ್ ಎಣ್ಣೆಯನ್ನು ಬೇಗ ಬದಲಿಸಬೇಕಾಗುತ್ತದೆ.

ವೇಗ ಅಳೆಯುವ ಪಿಟೊ ಕೊಳವೆಗೆ ಕವರ್ ಹಾಕುವುದನ್ನು ಒಂದು ದಿನವೂ ತಪ್ಪಿಸಬೇಡಿ. ಕುಂಬಾರ ಹುಳ ಮಣ್ಣು ತಂದು ಆ ತೂತು ಮೆತ್ತುವುದಕ್ಕೆ ಹೆಚ್ಚು ಹೊತ್ತು ಬೇಡ. ಓಟದಲ್ಲಿ ಎಂಜಿನ್ ಚೆನ್ನಾಗಿದ್ದೂ ಸ್ಪೀಡ್ ಮೀಟರ್ ಮುಳ್ಳು ಸೊನ್ನೆಯಲ್ಲೇ ನಿಂತರೆ ಥ್ರಾಟಲ್ ಎಳೆದು ನಿಲ್ಲಿಸಿ. ಗಾಳಿಗೇರಿ ಯೋಚಿಸುವ ವಿಷಯ ಅದಲ್ಲ.

ಅಮೆರಿಕದ ಓಶ್‌ಕಾಶ್ ಮೇಳಕ್ಕೆ ವಿಮಾನಗಳು ಸಾಲುಗಟ್ಟಿ ಬರುತ್ತವೆ, ಕಂಟ್ರೋಲರ್ ಬಣ್ಣ ಹೇಳಿ ಕರೆದರೆ ಪೈಲಟ್ ರೆಕ್ಕೆ ಅಲ್ಲಾಡಿಸಿ ಉತ್ತರ ಕೊಡುತ್ತಾನೆ. ನಮ್ಮಲ್ಲಿ ಬೇರೆ ಊರಿಂದ ಒಂದು ವಿಮಾನ ಬರಬೇಕಾದರೂ ಫ್ಲೈಟ್ ಪ್ಲಾನ್, ವಾಯು ರಕ್ಷಣೆಯವರ ಅನುಮತಿಯ ಎಡಿಸಿ ನಂಬರ್, ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ನಂಬರ್ ಕೈಯಲ್ಲಿರಬೇಕು. ಮಗ್ಗುಲಲ್ಲೇ ಯಲಹಂಕದ ವಾಯುಪಡೆ, ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್. ಇಷ್ಟರ ನಡುವೆ ಮನಸ್ಸಿಗೆ ಬಂದತ್ತ ತಿರುಗುವಂತಿಲ್ಲ. ಹಾಗಾಗಿ ಇಲ್ಲಿ ಸೇರುವವರು ಹಾರುವುದಕ್ಕಿಂತ ಒಬ್ಬರ ಎಂಜಿನ್ ಇನ್ನೊಬ್ಬರು ಇಣುಕಿ ನೋಡುವುದೇ ಜಾಸ್ತಿ. ಅದೂ ಒಳ್ಳೆಯದೇ.

ಹಾರಿದವರಿಗೆ ಆಟ ಅಂದರೆ ಗೆರೆಯ ಮೇಲೆ ಇಳಿಯುವುದು. ರನ್‌ವೇಗೆ ಅಡ್ಡ ಸುಣ್ಣದ ಪುಡಿಯ ಗೆರೆ, ಚಕ್ರ ಅದರ ಮೇಲೆ ಅಥವಾ ತುಸು ಆಚೆ ಮುಟ್ಟಬೇಕು. ಮೊದಲೇ ಮುಟ್ಟಿದರೆ ಸೊನ್ನೆ. ಸೋಲುವವರು ಸೋಲುವುದು ಒಂದೇ ಕಾರಣಕ್ಕೆ: ಎತ್ತರ ಹೆಚ್ಚಾಯಿತೆಂದು ಮೂಗು ತಗ್ಗಿಸುತ್ತಾರೆ, ಆ ಎತ್ತರ ವೇಗವಾಗುತ್ತದೆ, ವಿಮಾನ ಗೆರೆ ದಾಟಿ ತೇಲುತ್ತಲೇ ಹೋಗುತ್ತದೆ. ಗೆಲ್ಲುವುದು ಇಳಿಯುವ ಮುಂಚಿನ ನೇರ ದಾರಿಯಾದ ಫೈನಲ್‌ನಲ್ಲಿ ವೇಗ ಕದಲದವರು. ಪಶ್ಚಿಮದ ತುದಿಯಲ್ಲಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಇರುವುದರಿಂದ ಆ ಕಡೆಯಿಂದ ತಗ್ಗಾಗಿ ಬರುವಂತಿಲ್ಲ, ಗೆರೆಯನ್ನು ಸಾಕಷ್ಟು ಒಳಗೇ ಎಳೆಯಬೇಕು.

ಒಂಬತ್ತು ದಾಟಿದರೆ ಬಿಸಿಗಾಳಿಯ ಜತೆ ಹದ್ದುಗಳು ಮೇಲೇಳುತ್ತವೆ. ಎದುರು ಬಂದರೆ ಮೇಲಕ್ಕೆ ತಪ್ಪಿಸಿಕೊಳ್ಳಿ; ಬೆದರಿದ ಹದ್ದು ಸಾಮಾನ್ಯವಾಗಿ ಕೆಳಕ್ಕೆ ಬೀಳುತ್ತದೆ.

ಇಳಿದ ಮೇಲೆ ಟ್ಯಾಂಕ್ ತುಂಬಿಸಿಡಿ, ಒಳಗೆ ತೇವ ಕಟ್ಟುವುದಿಲ್ಲ ಎನ್ನುತ್ತಾರೆ. ನಿಜ, ಆದರೆ ಎರಡಾಸನದ ಮೈಕ್ರೊಲೈಟ್‌ನಲ್ಲಿ ತೂಕದ ಲೆಕ್ಕ ಬೇರೆ ಹೇಳುತ್ತದೆ. ಮಿತಿ 450 ಕೆಜಿ, ಖಾಲಿ ತೂಕ 260, ಒಳಗೆ 75 ಕೆಜಿಯ ಇಬ್ಬರು ಅಂದರೆ ಉಳಿಯುವುದು 40 ಕೆಜಿ. ಪೆಟ್ರೋಲ್ ಲೀಟರಿಗೆ ಸುಮಾರು 0.72 ಕೆಜಿ, ಹಾಗಾಗಿ 55 ಲೀಟರಿನ ಮೇಲೆ ಹಾಕುವಂತಿಲ್ಲ. ನಾಳೆ ಜತೆಗೆ ಕೂರುವವರ ತೂಕ ಕೇಳಿಕೊಂಡು ಆಮೇಲೆ ಕ್ಯಾನ್ ಎತ್ತಿ.