"ಓಡಿಸಿ, ಕೂತುಕೊಳ್ಳುತ್ತೆ" ಅನ್ನುವ ಮುಂಚೆ ಟೇಪ್ ಹಿಡಿಯಿರಿ

ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ನಾನು ಸಸ್ಪೆನ್ಷನ್ ಕೆಲಸ ನೋಡಿಕೊಳ್ಳುತ್ತೇನೆ. ಹೊಸ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದವರು ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಗಾಡಿ ಎತ್ತರ ಆಯ್ತಲ್ಲ, ಇದು ಸರಿನಾ?" ನಮ್ಮ ಲೈನ್‌ನಲ್ಲಿ ಅದಕ್ಕೆ ಉತ್ತರವೂ ರೆಡಿ ಇರುತ್ತದೆ. "ಸ್ವಲ್ಪ ದಿನ ಓಡಿಸಿ ಸಾರ್, ಕೂತುಕೊಳ್ಳುತ್ತೆ."

ಈ ಉತ್ತರ ನನಗೆ ಇಷ್ಟವಿಲ್ಲ. ಗಾಡಿ ಕೂರುವುದೇನೋ ನಿಜ. ಆದರೆ ಕೂತಿದ್ದು ಯಾವುದು ಅಂತ ಯಾರೂ ನೋಡುವುದಿಲ್ಲ.

ಕೊರಟಗೆರೆ ಕಡೆಯಿಂದ ಒಂದು ಡೀಸೆಲ್ ಸ್ವಿಫ್ಟ್ ಬಂದಿತ್ತು. ಬೇರೆ ಗ್ಯಾರೇಜಿನಲ್ಲಿ ಮುಂದಿನ ಸ್ಪ್ರಿಂಗ್, ಶಾಕ್ಸ್, ಜೊತೆಗೆ ಎರಡೂ ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ಬಾಡಿ ಜೊತೆ ಜೋಡಿಸುವ ಕೆಳಗಿನ ತೋಳು) ಬದಲಾಯಿಸಿದ್ದರು. ಮೂತಿ ಒಂದೂವರೆ ಇಂಚು ಎದ್ದುಬಿಟ್ಟಿದೆ ಅಂತ ಮಾಲೀಕರ ದೂರು. ಹಂಪ್ ಹತ್ತಿ ಇಳಿದರೆ ಮುಂಭಾಗ ಬಿಗಿಯಾಗಿ ಕುಪ್ಪಳಿಸುತ್ತಿತ್ತು. ನಾನು ಸ್ಪ್ರಿಂಗ್ ಮುಟ್ಟಲಿಲ್ಲ. ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲುವ ರಾಂಪ್‌ಗೆ ಹತ್ತಿಸಿ, ಲೋವರ್ ಆರ್ಮ್ ಬೋಲ್ಟ್‌ಗಳನ್ನು ಸಡಿಲ ಮಾಡಿದೆ. ಬೋಲ್ಟ್ ಬಿಡುತ್ತಿದ್ದ ಹಾಗೇ ಆರ್ಮ್ ಒಳಗೆ ತಿರುಗಿದ ಸದ್ದು ಕೇಳಿಸಿತು. ಬಾನೆಟ್ ಒತ್ತಿ ಕುಣಿಸಿದೆವು, ಹಿಂದೆ ಮುಂದೆ ತಳ್ಳಿದೆವು. ಎದ್ದಿದ್ದರಲ್ಲಿ ಸುಮಾರು ಅರ್ಧ ಅಲ್ಲೇ ಇಳಿಯಿತು. ಆಮೇಲೆ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆವು.

ಕಾರಣ ಇಷ್ಟೇ. ಲೋವರ್ ಆರ್ಮ್ ಗಾಡಿಗೆ ಸೇರುವ ಕಡೆ ಬುಷ್ ಇರುತ್ತದೆ. ಅದರಲ್ಲಿ ಒಳಗೊಂದು, ಹೊರಗೊಂದು ಕಬ್ಬಿಣದ ಕೊಳವೆ, ಮಧ್ಯೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿಯಾದರೆ ಒಳಗಿನ ಕೊಳವೆ ಗಾಡಿಯ ಬಾಡಿಯನ್ನು ಕಚ್ಚಿಕೊಳ್ಳುತ್ತದೆ, ಮತ್ತೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರೇ ತಿರುಚಿಕೊಳ್ಳಬೇಕು. ಲಿಫ್ಟ್ ಮೇಲೆ ಚಕ್ರ ಗಾಳಿಯಲ್ಲಿ ಜೋತಾಡುವಾಗ ಬೋಲ್ಟ್ ಪೂರ್ತಿ ಬಿಗಿದರೆ, ರಬ್ಬರಿಗೆ ಆ ಜೋತಾಡುವ ಸ್ಥಿತಿಯೇ ಸಹಜ ಸ್ಥಿತಿ. ಗಾಡಿ ನೆಲಕ್ಕೆ ಇಳಿದ ಕೂಡಲೇ ಅದು ಹಿಂಡಿದ ಟವೆಲ್ ಹಾಗೆ ತಿರುಚಿಕೊಂಡು, ಆರ್ಮ್ ಅನ್ನು ಕೆಳಗೆ ಒತ್ತುತ್ತಲೇ ಇರುತ್ತದೆ. ಅದಕ್ಕೇ ಗಾಡಿ ಎದ್ದು ನಿಲ್ಲುವುದು. ಓಡಿಸುತ್ತಾ ಓಡಿಸುತ್ತಾ ರಬ್ಬರ್ ಹರಿದುಹೋಗುತ್ತದೆ, ಗಾಡಿ ಇಳಿಯುತ್ತದೆ. "ನೋಡಿ, ಕೂತುಕೊಂಡಿತು" ಅಂತ ಎಲ್ಲರಿಗೂ ಸಮಾಧಾನ. ಹೊಸ ಬುಷ್ ಹಾಳಾಗಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೆಲವೇ ತಿಂಗಳಿಗೆ ಕಟಕಟ ಸದ್ದು ಶುರುವಾದರೆ ಬೈಗುಳ ಪಾರ್ಟ್ಸ್ ಕಂಪನಿಗೆ ಬೀಳುತ್ತದೆ. ಹಿಂದಿನ ಆಕ್ಸಲ್ ಬೀಮ್‌ನ ಬುಷ್‌ಗೂ, ಶಾಕ್‌ನ ಕೆಳಗಿನ ಬುಷ್‌ಗೂ ಇದೇ ಮಾತು.

ಸ್ವಿಫ್ಟ್‌ನಲ್ಲಿ ಇಳಿಯದೆ ಉಳಿದ ಅರ್ಧ ತಪ್ಪೇ ಅಲ್ಲ. ಹಳೇ ಸ್ಪ್ರಿಂಗ್ ವರ್ಷಗಟ್ಟಲೆ ಭಾರ ಹೊತ್ತು ಕುಗ್ಗಿತ್ತು. ದಿನಾ ನೋಡುವ ಕಣ್ಣಿಗೆ ಕುಗ್ಗಿದ ಎತ್ತರವೇ ಸರಿ ಅನ್ನಿಸಿಬಿಟ್ಟಿರುತ್ತದೆ, ಅಲ್ವಾ? ಹೊಸ ಸ್ಪ್ರಿಂಗ್ ಗಾಡಿಯನ್ನು ಮೊದಲಿನ ಜಾಗಕ್ಕೆ ತಂದಿದೆ, ಅಷ್ಟೇ. ಒಳ್ಳೆಯ ಸ್ಪ್ರಿಂಗ್‌ಗಳನ್ನು ಕಾರ್ಖಾನೆಯಲ್ಲೇ ಒಮ್ಮೆ ಪೂರ್ತಿ ಒತ್ತಿ ಬಿಟ್ಟಿರುತ್ತಾರೆ. ಹಾಗಾಗಿ ಆಮೇಲೆ ಅವು ಕೂರುವುದು ಕೆಲವೇ ಮಿಲಿಮೀಟರ್. ಇಂಚುಗಟ್ಟಲೆ ಕೂತರೆ ಸ್ಪ್ರಿಂಗೇ ಕಳಪೆ, ಇಲ್ಲವೇ ಬೇರೆ ಏನೋ ಸೋತಿದೆ.

ಇದೆಲ್ಲ ಗೊತ್ತಾಗಬೇಕಾದರೆ ಕೆಲಸ ಶುರು ಮಾಡುವ ಮುಂಚೆಯೇ ಅಳೆಯಬೇಕು. ನೆಲದಿಂದ ಅಳೆಯಬೇಡಿ. ಟೈರ್ ಗಾಳಿ, ಟೈರ್ ಸವೆತ ಎರಡೂ ಲೆಕ್ಕ ಕೆಡಿಸುತ್ತವೆ. ಚಕ್ರದ ನಡು ಭಾಗದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಸಮತಟ್ಟಾದ ಜಾಗ ಇರಲಿ, ಡಿಕ್ಕಿ ಖಾಲಿ ಇರಲಿ. ಟ್ಯಾಂಕ್‌ನಲ್ಲಿ ಎಷ್ಟಿದೆ ಅಂತಲೂ ಬರೆದುಕೊಳ್ಳಿ, 40 ಲೀಟರ್ ಪೆಟ್ರೋಲ್ ಅಂದರೆ ಸುಮಾರು 30 ಕೆ.ಜಿ. ಭಾರ. ನಾಲ್ಕು ಮೂಲೆಯ ನಾಲ್ಕು ಅಂಕಿ ಜಾಬ್ ಕಾರ್ಡ್ ಮೇಲೆ ಬೀಳಲಿ. ನಾನು ಒಂದೇ ಮಾಡೆಲ್ ಗಾಡಿಗಳ ಅಳತೆಯನ್ನು ಒಂದು ನೋಟ್‌ಬುಕ್‌ನಲ್ಲಿ ಸೇರಿಸುತ್ತಾ ಬಂದಿದ್ದೇನೆ. ಚಕ್ರದ ಮೇಲೆ ನಿಲ್ಲಿಸುವ ರಾಂಪ್ ಇಲ್ಲದ ಕಡೆ ಈ ಅಂಕಿಯೇ ದಾರಿ. ಆರ್ಮ್‌ನ ಚಕ್ರದ ಕಡೆಯ ತುದಿಯಲ್ಲಿರುವ ಬಾಲ್ ಜಾಯಿಂಟ್ ಕೆಳಗೆ ಜಾಕ್ ಕೊಟ್ಟು, ಆ ಮಾಡೆಲ್‌ಗೆ ಇರಬೇಕಾದ ಅಂತರ ಬರುವವರೆಗೆ ಎತ್ತಿ, ಆಗ ಬೋಲ್ಟ್ ಬಿಗಿಯಬಹುದು.

ಜಾಕ್ ಇಳಿಸಿದ ಕೂಡಲೇ ಅಳೆಯುವುದೂ ಸರಿಯಲ್ಲ. ಚಕ್ರ ಜೋತಾಡುವಾಗ ಸ್ವಲ್ಪ ಒಳಗೆ ಸರಿದಿರುತ್ತದೆ. ಇಳಿಸಿದಾಗ ಟೈರ್ ನೆಲವನ್ನು ಕಚ್ಚಿ ಗಾಡಿಯನ್ನು ಮೇಲೇ ಹಿಡಿದುಕೊಳ್ಳುತ್ತದೆ. ಕೆಲವು ಮೀಟರ್ ಉರುಳಿಸಿ, ಕುಣಿಸಿ, ಆಮೇಲೆ ಅಳೆಯಿರಿ.

ಶಾಕ್ ಅಬ್ಸಾರ್ಬರ್ ಹೊಸದಾಗಿದ್ದಕ್ಕೇ ಗಾಡಿ ಎದ್ದಿದೆ ಅಂತ ಬಹಳ ಜನ ನಂಬಿದ್ದಾರೆ. ಎತ್ತರ ನಿರ್ಧರಿಸುವುದು ಸ್ಪ್ರಿಂಗ್, ಕುಣಿತ ತಡೆಯುವುದು ಶಾಕ್. ಹೊಸ ಗ್ಯಾಸ್ ಶಾಕ್‌ನ ರಾಡ್ ಒಳಗೆ ಒತ್ತಿ ಹಿಡಿದ ಪಟ್ಟಿ ಕತ್ತರಿಸಿದರೆ ರಾಡ್ ತಾನೇ ಮೇಲೆ ಬರುತ್ತದೆ, ಹಾಗಾಗಿ ಅದರಿಂದಲೂ ಕೆಲವು ಮಿಲಿಮೀಟರ್ ಸಿಗಬಹುದು. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ನಜ್ಜುಗುಜ್ಜಾದ ಸ್ಟ್ರಟ್ ಮೌಂಟಿಂಗ್ (ಮುಂದಿನ ಶಾಕ್‌ನ ಮೇಲ್ತುದಿ ಕೂರುವ ರಬ್ಬರ್) ತೆಗೆದು ಹೊಸದು ಹಾಕಿದರೂ ಸ್ವಲ್ಪ ಏರುತ್ತದೆ.

ಒಂದು ಬದಿ ಮಾತ್ರ ಎತ್ತರವಿದ್ದರೆ ಮೊದಲು ಸ್ಪ್ರಿಂಗ್ ತುದಿ ನೋಡಿ. ಕೆಳಗಿನ ತಟ್ಟೆಯಲ್ಲಿ ಅದಕ್ಕೊಂದು ಮೆಟ್ಟಿಲಿನಂಥ ಗುಂಡಿ ಇರುತ್ತದೆ. ತುದಿ ಅಲ್ಲಿ ಕೂರದೆ ಮೇಲೆ ಹತ್ತಿದ್ದರೆ ಆ ಬದಿ ಏಳುತ್ತದೆ. ಎರಡೂ ಬದಿ ಎತ್ತರ, ಜೊತೆಗೆ ಸವಾರಿ ಗಟ್ಟಿ ಅಂದರೆ ಪಾರ್ಟ್ ನಂಬರ್ ನೋಡಿ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದರ ಮುಂದಿನ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಆಗುವುದಿಲ್ಲ. ಹೊರನೋಟಕ್ಕೆ ಎರಡೂ ಒಂದೇ ಥರ ಕಾಣಬಹುದು. ಆದರೆ ಸ್ಪ್ರಿಂಗ್‌ನ ಗಡಸುತನ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 12 ಮಿ.ಮೀ. ತಂತಿ 13 ಮಿ.ಮೀ. ಆದರೆ, ಉಳಿದೆಲ್ಲ ಅದೇ ಇದ್ದರೂ, ಶೇ. 38ರಷ್ಟು ಗಡಸು. ಬದಲಾಯಿಸುವಾಗ ಜೋಡಿಯಾಗಿಯೇ ಬದಲಾಯಿಸಿ.

ಗುಬ್ಬಿ, ತಿಪಟೂರು ಕಡೆಯವರು ಡಿಕ್ಕಿ ತುಂಬ ತೆಂಗಿನಕಾಯಿ ಹಾಕಿಕೊಂಡು ಬರುತ್ತಾರೆ. ಹಿಂಭಾಗ ಜಗ್ಗುತ್ತೆ, ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ಹಾಕಿಕೊಡಿ ಅನ್ನುತ್ತಾರೆ. ನಾನು ಬೇಡ ಅಂತಲೇ ಹೇಳುತ್ತೇನೆ. ಬಫರ್ ಕೂತ ಸುತ್ತು ಕೆಲಸ ಮಾಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಪೂರ್ತಿ ಹೊರೆ. ಸೋತ ಸ್ಪ್ರಿಂಗ್ ಬದಲಿಸುವುದು, ಹೊರೆ ಇಳಿಸುವುದು ಎರಡೂ ಅದಕ್ಕಿಂತ ಮೇಲು.

ಎತ್ತರ ಸರಿಯಾದ ಮೇಲೇ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ, ಕ್ಯಾಂಬರ್ (ಚಕ್ರ ನಿಲ್ಲುವ ಕೋನಗಳು) ಎರಡೂ ಬದಲಾಗುತ್ತವೆ. ಮೊದಲೇ ಮಾಡಿಸಿದರೆ ದುಡ್ಡು ದಂಡ. ಹೆಡ್‌ಲೈಟ್ ಅನ್ನು ಮಾತ್ರ ಬಹಳ ಜನ ಮರೆಯುತ್ತಾರೆ, ನನಗೆ ಜಾಸ್ತಿ ಚಿಂತೆ ಇರುವುದೂ ಅದರ ಬಗ್ಗೆಯೇ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2.4 ಮೀಟರ್ ಇರುವ ಗಾಡಿಯ ಮೂತಿ 40 ಮಿ.ಮೀ. ಎದ್ದರೆ, 25 ಮೀಟರ್ ದೂರದಲ್ಲಿ ಬೆಳಕು 40 ಸೆಂ.ಮೀ.ಗಿಂತ ಜಾಸ್ತಿ ಮೇಲೆ ಬೀಳುತ್ತದೆ. ಡಿವೈಡರ್ ಇಲ್ಲದ ಮಧುಗಿರಿ, ಕೊರಟಗೆರೆ ಕಡೆಯ ರಸ್ತೆಗಳಲ್ಲಿ ರಾತ್ರಿ ಎದುರು ಬರುವ ಬೈಕಿನವರಿಗೆ ಅದು ನೇರ ಕಣ್ಣಿಗೆ ಹೊಡೆಯುತ್ತದೆ. ಸೆಟ್ ಮಾಡಲು ಒಂದು ಸ್ಕ್ರೂಡ್ರೈವರ್, ಒಂದು ಗೋಡೆ ಸಾಕು. ನಮ್ಮಲ್ಲಿ ಸ್ಪ್ರಿಂಗ್ ಕೆಲಸ ಮುಗಿದ ಪ್ರತಿ ಗಾಡಿಗೂ ಇದನ್ನು ಮಾಡಿಯೇ ಕೀ ಕೊಡುತ್ತೇವೆ, ಬಿಲ್‌ಗೆ ಸೇರಿಸುವುದಿಲ್ಲ.