ಮೆಟನೊಯ: ಒಂದು ಗ್ರೀಕ್ ಪದ, ಒಂದು ಎಕ್ಸೆಲ್ ಪಟ್ಟಿ

ಬೈಬಲ್ ಪಾಠಗಳ ಕನ್ನಡ ಅನುವಾದ ತಿದ್ದುವುದು ನನ್ನ ಕೆಲಸ. ಮೂಲದ ಒಂದು ಪದಕ್ಕೆ ಪುಸ್ತಕದುದ್ದಕ್ಕೂ ಒಂದೇ ಕನ್ನಡ ಪದ ಇರಬೇಕು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಅದಕ್ಕೆಂದೇ ಎಕ್ಸೆಲ್‌ನಲ್ಲಿ ಪದಪಟ್ಟಿ ಇಟ್ಟಿದ್ದೇನೆ.

ತೊಡಕು ಬಂದದ್ದು ‘ಮೆಟನೊಯ’ದಲ್ಲಿ. ಅದರೊಳಗಿರುವುದು ‘ನೂಸ್’, ಅಂದರೆ ಮನಸ್ಸು, ಬುದ್ಧಿ. ಅದು ಪೂರ್ತಿ ಬದಲಾಗುವುದೇ ಮೆಟನೊಯ. ಅನುವಾದಕರು ಎಲ್ಲ ಕಡೆ ‘ಪಶ್ಚಾತ್ತಾಪ’ ಹಾಕಿದ್ದರು. ಆ ಪದದ ಹೊಟ್ಟೆಯಲ್ಲಿರುವುದು ತಾಪ, ಮಾಡಿದ ಮೇಲೆ ಬೇಯುವುದು. ಗ್ರೀಕ್ ಪದದ ಕಟ್ಟಿನಲ್ಲಿ ಆ ಬೇಗೆಯಿಲ್ಲ. ‘ಮನಸ್ಸು ಬದಲಾಯಿಸಿ’ ಅಂದರೋ, ನೀಲಿ ಸೀರೆ ಬಿಟ್ಟು ಹಸಿರು ಸೀರೆ ತೆಗೆದುಕೊಂಡ ಹಾಗಾಗುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ ಸ್ನಾನಿಕ ಯೋಹಾನನು ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಅನ್ನುತ್ತಾನೆ. ಎಷ್ಟು ಚೆಂದದ ಕನ್ನಡ! ‘ಹಿಂದಿರುಗಿ ಬಾ’ ಎಂದು ಹೀಬ್ರೂ ಪ್ರವಾದಿಗಳು ಕರೆಯುವ ‘ಶೂವ್’ ಕೂಡ ಅದರಲ್ಲಿ ಕೇಳಿಸುತ್ತದೆ.

ಈ ಜಗಳ ಇಂದಿನದಲ್ಲ. ಲ್ಯಾಟಿನ್ ಬೈಬಲ್ ಈ ಪದಕ್ಕೆ ಇಟ್ಟ ಮಾತು ಚರ್ಚಿನ ಪ್ರಾಯಶ್ಚಿತ್ತದ ವಿಧಿಯ ಹೆಸರೂ ಆಗಿತ್ತು. 1517ರಲ್ಲಿ ಜರ್ಮನಿಯ ಕ್ರೈಸ್ತ ಸುಧಾರಕ ಲೂಥರ್ ಬರೆದ 95 ವಾದಗಳಲ್ಲಿ ಮೊದಲ ಎರಡು ಈ ಮಾತಿನ ಅರ್ಥದ ಮೇಲೆಯೇ.

ಯೋಹಾನನ ಮಾತನ್ನೇ ಪಟ್ಟಿಗೆ ಸೇರಿಸಿ, ‘ಪಶ್ಚಾತ್ತಾಪ’ ಇದ್ದ ಕಡೆಯೆಲ್ಲ ಅದೇ ಬರುವಂತೆ ಫೈಲ್ ಪೂರ್ತಿ ಫೈಂಡ್-ರಿಪ್ಲೇಸ್ ಮಾಡಿಬಿಟ್ಟೆ. ಪ್ರೂಫ್ ಬಂದ ದಿನ ಸಹೋದ್ಯೋಗಿಯೊಬ್ಬರು ಅಪೊಸ್ತಲರ ಕೃತ್ಯಗಳು 3:19ನ್ನು ಗಟ್ಟಿಯಾಗಿ ಓದಿದರು: ‘ದೇವರ ಕಡೆಗೆ ತಿರುಗಿಕೊಂಡು ದೇವರ ಕಡೆಗೆ ತಿರುಗಿಕೊಳ್ಳಿರಿ.’ ಅಲ್ಲಿ ಯೇಸುವಿನ ಶಿಷ್ಯ ಪೇತ್ರನು ಎರಡು ಕ್ರಿಯಾಪದಗಳನ್ನು ಜೊತೆಜೊತೆಗೇ ಬಳಸುತ್ತಾನೆ. ಒಂದು ಮೆಟನೊಯದ್ದು, ಇನ್ನೊಂದು ‘ಎಪಿಸ್ಟ್ರೆಫೊ’, ಅದರ ಅರ್ಥವೇ ತಿರುಗುವುದು.

ಮುಂದಿನದು ಇನ್ನೂ ಕೆಟ್ಟದ್ದು. ಮತ್ತಾಯ 27:3ರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನೂ ‘ದೇವರ ಕಡೆಗೆ ತಿರುಗಿಕೊಂಡು’ 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟಿದ್ದ! ಗ್ರೀಕ್ ತೆರೆದು ನೋಡಿದೆ. ಅಲ್ಲಿರುವುದು ಮೆಟನೊಯವೇ ಅಲ್ಲ, ‘ಮೆಟಮೆಲೊಮಾಯ್’: ಮಾಡಿದ್ದಕ್ಕೆ ಮರುಗುವುದು. ಅವನು ಬೆಂದ, ನಾಣ್ಯಗಳನ್ನು ದೇವಾಲಯದಲ್ಲಿ ಎಸೆದ, ಹೋಗಿ ನೇಣು ಹಾಕಿಕೊಂಡ. ನಾನು ಅಳಿಸಿದ್ದ ‘ಪಶ್ಚಾತ್ತಾಪ’ ಅಲ್ಲಿ ಅಕ್ಷರಕ್ಷರ ಸರಿಯಿತ್ತು. ಯೂದನ ಕೊನೆಯ ಗಳಿಗೆಯ ಅರ್ಥವನ್ನೇ ನಾನು ಕೀಲಿಮಣೆಯ ಒಂದು ಒತ್ತಿನಲ್ಲಿ ತಿರುಚಿದ್ದೆ. ಅವತ್ತು ಊಟ ಸೇರಲಿಲ್ಲ.

ಮೂರು ದಿನ ಕೂತು ಒಂದೊಂದೇ ವಚನವನ್ನು ಗ್ರೀಕಿನ ಎದುರಿಟ್ಟು ತಿದ್ದಿದೆ. ಈಗ ಪಟ್ಟಿಯಲ್ಲಿ ಕನ್ನಡ ಪದಕ್ಕಿಂತ ಮುಂಚೆ ಮೂಲಪದದ ಕಾಲಂ, ಪಕ್ಕದಲ್ಲಿ ವಚನ, ಆಮೇಲೆ ಮಾತಾಡುತ್ತಿರುವವರು ಯಾರು ಅನ್ನುವುದು. ಯೂದನಿಗೆ ಪಶ್ಚಾತ್ತಾಪ ಮರಳಿ ಬಂತು. 3:19ರ ಮೊದಲ ಕ್ರಿಯಾಪದಕ್ಕೆ ಸದ್ಯ ‘ಮಾನಸಾಂತರ’ ಇಟ್ಟಿದ್ದೇನೆ. ಪೇತ್ರನ ಬಾಯಿಗೆ ಅದು ತುಸು ಭಾರ. ಅದರ ಎದುರಿನ ಹಳದಿ ಗುರುತನ್ನು ಇನ್ನೂ ತೆಗೆದಿಲ್ಲ.