ಬೇಸ್ ಗಿಟಾರಿಗೆ ಶ್ರುತಿ ಕೂಡಿಸುವ ಕೆಲಸ: ಕಾರ್ತೆಲಿನಿಂದ ಸೋಣದವರೆಗೆ, ಮಳೆಗಾಲದ ಮೂರು ತುಳು ತಿಂಗಳು

ಕಾರ್ತೆಲ್

ಬದಿಯಡ್ಕದ ಬಳಿಯ ನಮ್ಮ ಭಜನಾ ಮಂದಿರದಲ್ಲಿ ಹಾರ್ಮೋನಿಯಂ, ತಬಲ, ತಾಳ ಎಲ್ಲವೂ ಇವೆ. ಕೆಳಸ್ಥಾಯಿಯಲ್ಲಿ ನಿಂತು ಹಾಡನ್ನು ಹೊರುವ ನಾದವೊಂದಿಲ್ಲ. ಚೌತಿಯ ಹೊತ್ತಿಗೆ ಆ ಜಾಗಕ್ಕೆ ಬೇಸ್ ಗಿಟಾರನ್ನು ತರಬೇಕೆಂಬುದು ನನ್ನ ಹಂಬಲ. ಇನ್ನೊಬ್ಬರು ನುಡಿಸಿ ಬಿಟ್ಟ ನಾಲ್ಕು ತಂತಿಯ ವಾದ್ಯವೊಂದು ಮಂಗಳೂರಿನಿಂದ ಮನೆಗೆ ಬಂದಿದೆ. ಬೆರಳೋಟಕ್ಕೆ ಕೈಹಾಕುವ ಮೊದಲು ಶ್ರುತಿ ಮಾಡುವುದನ್ನೇ ಸರಿಯಾಗಿ ಕಲಿಯಬೇಕೆಂದು ನಿಶ್ಚಯಿಸಿದ್ದೇನೆ. ಮಂದಿರದಲ್ಲಿ ಹಾಡುವವರ ಕಿವಿಗಳು ಬಹಳ ಚುರುಕು. ಅಪಸ್ವರದ ಬೇಸ್‌ಗಿಂತ ಬೇಸ್ ಇಲ್ಲದಿರುವುದೇ ಅವರಿಗೆ ಹಿತ.

ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಸ್ವರಗಳು ಇ, ಎ, ಡಿ, ಜಿ. ಸೆಕೆಂಡಿಗೆ ಕ್ರಮವಾಗಿ 41.2, 55, 73.4 ಮತ್ತು 98 ಕಂಪನಗಳು. ಸಾಮಾನ್ಯ ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳ ಸ್ವರಗಳೇ ಒಂದು ಸ್ಥಾಯಿ ಕೆಳಗಿಳಿದಿವೆ. ನಿಂತು ನುಡಿಸುವ ಡಬಲ್ ಬೇಸ್‌ನ ಶ್ರುತಿಯೂ ಇದೇ. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸ್ ಗಿಟಾರ್ ಆ ಶ್ರುತಿಯನ್ನೇ ಉಳಿಸಿಕೊಂಡು, ಕತ್ತಿನ ಮೇಲೆ ಸ್ವರದ ಜಾಗ ತೋರಿಸುವ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳನ್ನು ಸೇರಿಸಿಕೊಂಡಿತು. ಫ್ರೆಟ್ ಇದ್ದರೆ ಬೆರಳಿಗೆ ಅಳುಕಿಲ್ಲ, ನಿಜ. ಆದರೆ ಒತ್ತದ ತಂತಿಯೇ ಜಾರಿದ್ದರೆ ಅದರ ಮೇಲಿನ ಪ್ರತಿ ಫ್ರೆಟ್ ಕೂಡ ಅಷ್ಟೇ ಜಾರಿರುತ್ತದೆ.

ಸ್ವರ ಸರಿಯಿದೆಯೇ ಎಂದು ತೋರಿಸುವ ಮೊಬೈಲಿನ ಟ್ಯೂನರ್ ಈ ಮಳೆಗೆ ಒದಗುವುದಿಲ್ಲ. ಅಂಗಳದ ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿರುವಾಗ ಅದರ ಮೈಕಿಗೆ ಮಳೆಯೇ ಕೇಳುತ್ತದೆ. ಇಷ್ಟು ಕೆಳಗಿನ ನಾದವನ್ನು ಹಿಡಿಯುವುದರಲ್ಲಿ ಮೊದಲೇ ಅದು ದುರ್ಬಲ. ವಾದ್ಯದ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಗಾಳಿಯ ಸದ್ದನ್ನು ನೆಚ್ಚಿಲ್ಲ, ಮರದ ಕಂಪನವನ್ನೇ ಓದುತ್ತದೆ. ಕಾಸರಗೋಡಿನ ಮಳೆಗಾಲದಲ್ಲಿ ಕಲಿಯಲು ಹೊರಟವರು ಮೊದಲು ಕೊಳ್ಳಬೇಕಾದ ವಸ್ತು ಅದೇ ಎಂದು ಖಚಿತವಾಗಿ ಹೇಳುತ್ತೇನೆ.

ಅದಕ್ಕೂ ಇ ತಂತಿ ಸುಲಭದ ತುತ್ತಲ್ಲ. ಮುಳ್ಳು ಅತ್ತಿತ್ತ ಹೊಯ್ದಾಡುತ್ತದೆ. ಹನ್ನೆರಡನೆಯ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ, ಬೆರಳನ್ನು ತಾಗಿಸಿಯಷ್ಟೇ ಮೀಟಿದರೆ ಒಂದು ಸ್ಥಾಯಿ ಮೇಲಿನ ಹಾರ್ಮೋನಿಕ್, 82.4 ಕಂಪನಗಳದ್ದು, ಗಂಟೆಯಂತೆ ಹೊರಡುತ್ತದೆ. ಮುಳ್ಳು ಆಗ ನಿಲ್ಲುತ್ತದೆ. ಮೀಟುವುದು ಮೃದುವಾಗಿರಬೇಕು, ಬಲವಾಗಿ ಎಳೆದ ತಂತಿ ಮೊದಲ ಕ್ಷಣದಲ್ಲಿ ಮೇಲಿನ ಸ್ವರವನ್ನು ತೋರಿಸಿ ಆಮೇಲೆ ಇಳಿಯುತ್ತದೆ. ಬಿರಡೆಯನ್ನು ಯಾವಾಗಲೂ ಕೆಳಗಿನಿಂದ ಸ್ವರಕ್ಕೆ ಏರಿಸುತ್ತೇನೆ. ಸ್ವರ ಹೆಚ್ಚಾಗಿದ್ದರೆ ಚೆನ್ನಾಗಿ ಇಳಿಸಿ ಮತ್ತೆ ಏರಿಸುವುದು. ಇಳಿಸುತ್ತಲೇ ನಿಲ್ಲಿಸಿದರೆ ಬಿರಡೆಯ ಹಲ್ಲುಗಳ ನಡುವೆ ಸಡಿಲು ಉಳಿದು, ನಾಲ್ಕು ಸಲ ಮೀಟುವಷ್ಟರಲ್ಲಿ ತಂತಿ ಜಾರುತ್ತದೆ.

ಆಟಿ

ವಾದ್ಯದೊಡನೆ ಬಂದ ತಂತಿಗಳನ್ನು ತೆಗೆದು ಹಾಕಿದೆ. ಕೊಳೆ, ತುಕ್ಕು ಹಿಡಿದ ತಂತಿ ಉದ್ದಕ್ಕೂ ಒಂದೇ ತೂಕದ್ದಾಗಿ ಉಳಿಯುವುದಿಲ್ಲ. ಅದರ ಹಾರ್ಮೋನಿಕ್ ಒಂದು ಹೇಳಿದರೆ ಫ್ರೆಟ್ ಇನ್ನೊಂದು ಹೇಳುತ್ತದೆ. ಹೊಸ ದಪ್ಪ ತಂತಿಯನ್ನು ಕತ್ತರಿಸುವ ಮುನ್ನ ಕತ್ತರಿಸುವ ಜಾಗದ ಹಿಂದೆ ಮಡಚಬೇಕು, ಇಲ್ಲವಾದರೆ ಮೇಲಿನ ಸುತ್ತು ಬಿಚ್ಚಿಕೊಳ್ಳುತ್ತದೆ. ಬಿರಡೆಯ ಕಂಬಕ್ಕೆ ಎರಡು ಮೂರು ಸುತ್ತು ಸಾಕು. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಅಲ್ಲದೆ ಒಂದೊಂದು ತಂತಿಯ ಎಳೆತವೂ 15 ಕಿಲೋಗಿಂತ ಹೆಚ್ಚಿನದು. ಒಂದನ್ನು ಬಿಗಿದಾಗ ಕತ್ತು ತುಸು ಬಾಗಿ ಉಳಿದವು ಇಳಿಯುತ್ತವೆ. ಆದ್ದರಿಂದ ನಾಲ್ಕನ್ನೂ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಬರುತ್ತೇನೆ.

ಈ ತಿಂಗಳ ನಿಜವಾದ ಲಾಭ ಬೇರೆ. ಚಿಕ್ಕಂದಿನಲ್ಲಿ ಕಲಿತ ಕರ್ನಾಟಕ ಸಂಗೀತ ಇಲ್ಲಿ ನೇರವಾಗಿ ಕೈಹಿಡಿಯಿತು. ತಂಬೂರಿಯ ಮೊದಲ ತಂತಿ ಮಂದ್ರ ಪಂಚಮ (ಕೆಳಗಿನ ಪ), ಎರಡನೆಯದು ಷಡ್ಜ (ಸ). ಬೇಸ್‌ನ ಇ ಮತ್ತು ಎ ತಂತಿಗಳ ನಡುವೆ ಇರುವುದೂ ಅದೇ ಅಂತರ! ಎ ಷಡ್ಜವಾದರೆ ಇ ಅದರ ಮಂದ್ರ ಪಂಚಮ. ಡಿಯನ್ನು ಷಡ್ಜವೆಂದುಕೊಂಡರೆ ಎ ಪಂಚಮ. ಜಿಯನ್ನು ಷಡ್ಜವೆಂದರೆ ಡಿ ಪಂಚಮ. ವರ್ಷಗಟ್ಟಲೆ ಬೆನ್ನ ಹಿಂದೆ ಕೇಳಿಸಿಕೊಂಡ ಆ ಪ–ಸ ಈ ವಾದ್ಯದಲ್ಲಿ ಮೂರು ಸಲ ಒಂದರ ಮೇಲೊಂದು ಕೂತಿದೆ. ಇದು ತಿಳಿದ ದಿನ ಅಮ್ಮನನ್ನು ಕರೆದು, ಎರಡು ತಂತಿಗಳನ್ನು ಒಂದರ ಹಿಂದೊಂದು ಮೀಟಿ ಕೇಳಿಸಿದೆ.

ಅಂದಿನಿಂದ ಅಭ್ಯಾಸದ ಕ್ರಮವೇ ಬದಲಾಗಿದೆ. ಟ್ಯೂನರಿನಿಂದ ಎ ತಂತಿಯೊಂದನ್ನೇ ಸರಿಮಾಡುತ್ತೇನೆ. ಮೊಬೈಲಿನ ತಂಬೂರಿಯನ್ನು ಎ ಶ್ರುತಿಗೆ ಇಟ್ಟು, ಷಡ್ಜ ಹಿಡಿದು ಹಾಡಿ, ಮಂದ್ರ ಪಂಚಮಕ್ಕೆ ಇಳಿದು, ಇ ತಂತಿಯನ್ನು ಅಲ್ಲಿಗೆ ತರುತ್ತೇನೆ. ತಂಬೂರಿಯನ್ನು ಡಿಗೆ ಬದಲಿಸಿ ಡಿ ತಂತಿ, ಆಮೇಲೆ ಜಿ. ಕೊನೆಯಲ್ಲಿ ಹಾರ್ಮೋನಿಕ್‌ಗಳಿಂದ ಪರೀಕ್ಷೆ: ದಪ್ಪ ತಂತಿಯ ಐದನೆಯ ಫ್ರೆಟ್‌ನ ಮೇಲೂ ಪಕ್ಕದ ತೆಳು ತಂತಿಯ ಏಳನೆಯ ಫ್ರೆಟ್‌ನ ಮೇಲೂ ಬೆರಳು ತಾಗಿಸಿ ಎರಡನ್ನೂ ಒಟ್ಟಿಗೆ ಬಿಡಬೇಕು. ಮೊದಲನೆಯದು ಒತ್ತದ ತಂತಿಯ ನಾಲ್ಕು ಪಟ್ಟು ಕಂಪನ, ಎರಡನೆಯದು ಮೂರು ಪಟ್ಟು. ಎರಡೂ ಒಂದೇ ಸ್ವರಕ್ಕೆ ಬರುತ್ತವೆ. ತುಸು ವ್ಯತ್ಯಾಸವಿದ್ದರೆ ನಾದ ಏರಿಳಿದು ತೂಗುತ್ತದೆ. ಬಿರಡೆ ತಿರುಗಿಸಿದಂತೆ ತೂಗಾಟ ನಿಧಾನವಾಗುತ್ತ ಬಂದು ಕೊನೆಗೆ ನಿಲ್ಲುತ್ತದೆ.

ಕಿವಿಯ ಕೆಲಸವನ್ನು ಈ ಮೇಲಿನ ಸ್ವರಗಳಲ್ಲಿ ಮಾಡುವುದಕ್ಕೆ ಕಾರಣವಿದೆ. 440ರ ಎ ಸ್ವರಕ್ಕೂ ಅದರ ಮುಂದಿನ ಅರೆಸ್ವರಕ್ಕೂ ನಡುವೆ 26 ಕಂಪನಗಳ ಅಂತರ. ಇ ತಂತಿಯ ತಳದಲ್ಲಿ ಅದೇ ಅರೆಸ್ವರಕ್ಕೆ ಎರಡೂವರೆ ಕಂಪನ ಮಾತ್ರ. ಆ ಆಳದಲ್ಲಿ ಸ್ವರವನ್ನು ಅಳೆಯುವುದು ಕಿವಿಗೆ ಕಷ್ಟ.

ತೂಗಾಟ ಪೂರ್ತಿ ನಿಲ್ಲಿಸಿದಾಗ ಟ್ಯೂನರ್ ಒಪ್ಪುವುದಿಲ್ಲ ಎಂಬುದನ್ನೂ ಗಮನಿಸಿದೆ. ಎ ತಂತಿ ಸರಿಯಾಗಿ 55ರಲ್ಲಿದ್ದು ಪ–ಸ ಶುದ್ಧವಾದರೆ ಇ ತಂತಿ 41.25ಕ್ಕೆ ನಿಲ್ಲುತ್ತದೆ, ಟ್ಯೂನರ್ ಕೇಳುವುದು 41.2. ಅರೆಸ್ವರವನ್ನು ನೂರು ಸೆಂಟ್ ಎಂದು ಪಾಲು ಮಾಡಿದರೆ ಇದು ಎರಡು ಸೆಂಟ್ ಹೆಚ್ಚು. ಡಿ ಎರಡು ಸೆಂಟ್ ಕಡಿಮೆ, ಜಿ ನಾಲ್ಕು ಕಡಿಮೆ. ಕಿವಿಯದೂ ದೋಷವಲ್ಲ, ಟ್ಯೂನರಿನದೂ ಅಲ್ಲ. ತಂಬೂರಿಯ ಪಂಚಮ ಶುದ್ಧ ಅನುಪಾತದ್ದು. ಹಾರ್ಮೋನಿಯಂ, ಕೀಬೋರ್ಡ್, ಫ್ರೆಟ್‌ಗಳ ಅರೆಸ್ವರಗಳು ಹನ್ನೆರಡು ಸಮಪಾಲಿನವು. ನಾನು ಹಾರ್ಮೋನಿಯಂ ಜೊತೆ ನುಡಿಸಬೇಕಾದವನು. ಹಾಗಾಗಿ ತೂಗಾಟವನ್ನು ಪೂರ್ತಿ ನಿಲ್ಲಿಸದೆ, ಐದು ಸೆಕೆಂಡಿಗೆ ಒಂದರಷ್ಟು ಸಾವಕಾಶವಾಗಿ ಉಳಿಸುವುದನ್ನು ಇ–ಎ ಜೋಡಿಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ.

ಸೋಣ

ವಾದ್ಯವನ್ನು ಮಂದಿರಕ್ಕೆ ಒಯ್ದೆ. ಟ್ಯೂನರ್ ಒಪ್ಪಿದ ಬೇಸ್ ಅಲ್ಲಿನ ಹಾರ್ಮೋನಿಯಂಗೆ ಒಪ್ಪಲಿಲ್ಲ. ಅಳೆದು ನೋಡಿದರೆ ಹಾರ್ಮೋನಿಯಂನ ಎ ಹನ್ನೆರಡು ಸೆಂಟ್ ಮೇಲಿದೆ. ಎಂದರೆ 440 ಇರಬೇಕಾದಲ್ಲಿ ಸುಮಾರು 443. ಹಾರ್ಮೋನಿಯಂನ ರೀಡುಗಳನ್ನು ಭಜನೆಯ ನಡುವೆ ಯಾರೂ ತಿದ್ದಲಾರರು, ತಿದ್ದಬೇಕಾಗಿಯೂ ಇಲ್ಲ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ಮದ್ದಳೆಯವರು ಭಾಗವತರ ಶ್ರುತಿಗೆ ಮದ್ದಳೆಯನ್ನು ಹೊಂದಿಸುವುದನ್ನು ನೋಡುತ್ತ ಬೆಳೆದವರು ನಾವು. ಹಾಡಿಗೆ ಆಧಾರವಾದ ಶ್ರುತಿಗೆ ಉಳಿದ ವಾದ್ಯ ಬಾಗಬೇಕು. ಟ್ಯೂನರಿನ ಮೂಲವನ್ನು 440ರಿಂದ 443ಕ್ಕೆ ಏರಿಸಿ ನಾಲ್ಕೂ ತಂತಿಗಳನ್ನು ಹೊಸದಾಗಿ ಕೂಡಿಸಿದೆ. ಆಮೇಲೆ ಹಾರ್ಮೋನಿಯಂ ನುಡಿಸುವ ಹಿರಿಯರು ಜಿ ಮನೆಯನ್ನು ಒತ್ತಿ ಹಿಡಿದರು. ನಾನು ಜಿ ತಂತಿಯ ಹಾರ್ಮೋನಿಕ್ ಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿ, “ಇನ್ನು ಒಂದು ಕೂದಲು” ಎಂದರು. ಟ್ಯೂನರ್ ಸರಿ ಎನ್ನುತ್ತಿತ್ತು. ಅವರ ಮಾತಿನಂತೆ ಏರಿಸಿದಾಗ ಎರಡೂ ಕೂಡಿಕೊಂಡವು. ಒಂದೊಂದು ರೀಡೂ ತನ್ನದೇ ಆದಷ್ಟು ಸರಿದಿರುತ್ತದೆ.

ಮಂದಿರದ ಭಜನೆ ಹೆಚ್ಚಾಗಿ ಕಪ್ಪು ಒಂದರಲ್ಲಿ, ಎಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯಾದ ಸಿ ಶಾರ್ಪ್ ಷಡ್ಜವಾಗಿ. ಒತ್ತದ ಯಾವ ತಂತಿಯೂ ಆ ಷಡ್ಜವನ್ನಾಗಲಿ ಪಂಚಮವನ್ನಾಗಲಿ ಕೊಡುವುದಿಲ್ಲ. ಶ್ರುತಿ ಬದಲಿಸಿ ತಂತಿಗಳನ್ನು ಬಿಗಿಯುವ ಯೋಚನೆ ಬೇಡವೆಂದು ತೀರ್ಮಾನಿಸಿದೆ; ಕತ್ತಿಗೆ ಅಷ್ಟು ಭಾರ ಹೇರುವುದು ಒಳ್ಳೆಯದಲ್ಲ, ಅಗತ್ಯವೂ ಇಲ್ಲ. ಎ ತಂತಿಯ ನಾಲ್ಕನೆಯ ಫ್ರೆಟ್ ಷಡ್ಜ. ಅದೇ ಫ್ರೆಟ್‌ನಲ್ಲಿ ಪಕ್ಕದ ದಪ್ಪ ತಂತಿಗೆ ಬೆರಳು ಸರಿಸಿದರೆ ಮಂದ್ರ ಪಂಚಮ. ಹಾಡುವವರು ಬಿಳಿ ಎರಡಕ್ಕೆ ಹೋದರೆ ಎರಡನ್ನೂ ಒಂದು ಫ್ರೆಟ್ ಮೇಲೆ ಸರಿಸಿದರಾಯಿತು. ತಂಬೂರಿಯ ಪ–ಸ ಈಗ ಯಾವ ಶ್ರುತಿಗೂ ಎರಡು ಬೆರಳುಗಳ ಅಡಿಯಲ್ಲಿದೆ.

ಉಳಿದಿರುವ ಕೆಲಸ ಕುದುರೆಯದು, ಎಂದರೆ ತಂತಿಗಳ ಕೆಳತುದಿಯನ್ನು ಹೊತ್ತ ಭಾಗದ್ದು. ಜಿ ತಂತಿಯಲ್ಲಿ ಹನ್ನೆರಡನೆಯ ಫ್ರೆಟ್ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ ತುಸು ಮೇಲಿದೆ. ಕುದುರೆಯ ಆ ತುಂಡನ್ನು ತಿರುಪಿನಿಂದ ಹಿಂದಕ್ಕೆ ಎಳೆದು ತಂತಿಯ ಉದ್ದ ಹೆಚ್ಚಿಸಬೇಕು, ಮತ್ತೆ ಶ್ರುತಿ ಮಾಡಿ ಹೋಲಿಸಬೇಕು. ಕತ್ತಿನೊಳಗೆ ಅದರ ಬಾಗು ತಿದ್ದಲೆಂದು ಇರುವ ಕಬ್ಬಿಣದ ಸರಳನ್ನು ಮಾತ್ರ ಈಗ ಮುಟ್ಟುವುದಿಲ್ಲ. ಮಳೆಗಾಲದ ತೇವಕ್ಕೆ ಮರದ ಬಾಗು ಬದಲಾಗುತ್ತದೆ. ತುಲಾ ಮಾಸ ಕಳೆದು ಗಾಳಿ ಒಣಗಿದ ಮೇಲೆ ಅದನ್ನು ತಿಳಿದವರ ಬಳಿ ತೋರಿಸಬೇಕೆಂದಿದ್ದೇನೆ. ಚೌತಿಯ ಸಂಜೆಗೆ ಎರಡು ಭಜನೆಗಳು ನನ್ನ ಪಾಲಿಗೆ ಬಂದಿವೆ, ಎರಡೂ ಕಪ್ಪು ಒಂದರಲ್ಲೇ.